ಕರಿಕೋಟಿಗೆ ಮುನ್ನ: ಕಾನೂನು ಪದವಿ ಏನನ್ನು ಕಲಿಸುತ್ತದೆ?



ಪಿ.ಯು.ಸಿ. ಅಥವಾ ಪದವಿಯ ಕೊನೆಯ ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಯಲ್ಲಿ "ಮುಂದೇನು?" ಎಂಬ ಪ್ರಶ್ನೆ ಏಳುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ: ಇಂಜಿನಿಯರಿಂಗ್, ಬಿ.ಇಡಿ., ಐ.ಟಿ.ಐ. ಮುಗಿಸಿ ಸಿಮೆಂಟ್ ಕಾರ್ಖಾನೆ, ಇಲ್ಲವೇ ಸರಕಾರಿ ನೌಕರಿಯ ಪರೀಕ್ಷೆ. ಇವುಗಳ ನಡುವೆ ಯಾರಾದರೂ "ನಾನು ಲಾ ಓದತೀನಿ" ಎಂದರೆ ಹಿರಿಯರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಅವರ ನಾಲಿಗೆಯ ತುದಿಯಲ್ಲಿರುತ್ತದೆ.

ಆದರೆ ಕೋರ್ಟಿನ ಮೆಟ್ಟಿಲು ಹತ್ತದವರ ಮನೆಯಲ್ಲೂ ಕಾನೂನು ಇದ್ದೇ ಇರುತ್ತದೆ. ತೊಗರಿ ಬೆಳೆಯುವ ಹೊಲದ ಪಹಣಿ, ಅಣ್ಣತಮ್ಮಂದಿರ ಪಾಲಿನ ಮಾತು, ಫರಸಿ ಕಲ್ಲಿನ ಗಣಿಯಲ್ಲಿ ಪೆಟ್ಟಾದ ಕೂಲಿಕಾರನ ಪರಿಹಾರ, ಕಾರ್ಖಾನೆಗೆ ಹೋದ ಜಮೀನಿನ ಬೆಲೆ, ಬ್ಯಾಂಕಿನ ನೋಟಿಸು, ಗಂಡನ ಮನೆ ಬಿಟ್ಟು ಬಂದ ಮಗಳ ಜೀವನಾಂಶ ಇವೆಲ್ಲವೂ ಕಾನೂನಿನ ವಿಷಯಗಳೇ. ಕಾಗದ ಮನೆಗೆ ಬಂದಾಗ ಅದನ್ನು ಓದಿ ಅರ್ಥ ಹೇಳುವವರು ಬೇಕಾಗುತ್ತದೆ. ಅವರು ಸರಿಯಾಗಿ ಓದಿದವರಾಗಿದ್ದರೆ ಒಂದು ಕುಟುಂಬದ ಜಮೀನು ಉಳಿಯುತ್ತದೆ. ಅರೆಬರೆ ಓದಿದವರಾಗಿದ್ದರೆ ಹೋಗುತ್ತದೆ. ಆದ್ದರಿಂದ ಕಾನೂನು ಪದವಿಗೆ ಎಲ್ಲಿ, ಹೇಗೆ ಸೇರಬೇಕು ಎಂದು ತಿಳಿಯುವ ಮೊದಲು ಆ ಓದು ನಿಜವಾಗಿ ಏನನ್ನು ಕಲಿಸುತ್ತದೆ ಎಂಬುದನ್ನು ನೋಡೋಣ. ಅದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ.

ಮರತೂರಿನ ಪಂಡಿತ

ಶಹಾಬಾದಿಗೆ ಸಮೀಪದಲ್ಲಿ ಮರತೂರು ಎಂಬ ಹಳ್ಳಿ ಇದೆ. "ಮಿತಾಕ್ಷರಾ" ಎಂಬ ಸಂಸ್ಕೃತ ಗ್ರಂಥವನ್ನು ಬರೆದ ವಿಜ್ಞಾನೇಶ್ವರನ ಊರು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣದ ಚಾಲುಕ್ಯರ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರಾ. ಮಿತವಾದ ಅಕ್ಷರಗಳುಳ್ಳದ್ದು, ಅಂದರೆ ಅಳೆದು ತೂಗಿ ಬರೆದದ್ದು ಎಂದು ಆ ಹೆಸರಿನ ಅರ್ಥ.

ತಂದೆಯ ಕಡೆಯಿಂದ ಬಂದ ಆಸ್ತಿಯಲ್ಲಿ ಮಗನಿಗೆ ಹಕ್ಕು ಯಾವಾಗ ಬರುತ್ತದೆ? ತಂದೆ ಸತ್ತ ಮೇಲೋ, ಮಗ ಹುಟ್ಟಿದಾಗಲೋ? ಹುಟ್ಟಿದಾಗಲೇ ಬರುತ್ತದೆ ಎಂದು ವಿಜ್ಞಾನೇಶ್ವರ ವಾದಿಸಿದ. ಬಂಗಾಳದ ಜೀಮೂತವಾಹನ ತನ್ನ "ದಾಯಭಾಗ" ಗ್ರಂಥದಲ್ಲಿ, ತಂದೆಯ ಹಕ್ಕು ಮುಗಿದ ನಂತರವೇ ಮಗನಿಗೆ ಹಕ್ಕು ಎಂದ. ಬಂಗಾಳ, ಅಸ್ಸಾಂ ಕಡೆಗಳಲ್ಲಿ ದಾಯಭಾಗ ನಡೆಯಿತು. ಭಾರತದ ಉಳಿದ ಬಹುಭಾಗದಲ್ಲಿ ಮಿತಾಕ್ಷರಾ ನಡೆಯಿತು. 1810ರಲ್ಲಿ ಕೋಲ್‌ಬ್ರೂಕ್ ಎಂಬ ಇಂಗ್ಲಿಷ್ ವಿದ್ವಾಂಸ ಈ ಎರಡೂ ಗ್ರಂಥಗಳ ಆಸ್ತಿಹಕ್ಕಿನ ಭಾಗಗಳನ್ನು ಅನುವಾದಿಸಿ ಪ್ರಕಟಿಸಿದ. ಅಲ್ಲಿಂದಾಚೆಗೆ ಬ್ರಿಟಿಷ್ ನ್ಯಾಯಾಲಯಗಳು ಹಿಂದೂ ಕುಟುಂಬಗಳ ಆಸ್ತಿ ವ್ಯಾಜ್ಯಗಳಲ್ಲಿ ಅವನ್ನು ಆಧಾರವಾಗಿ ಹಿಡಿದವು. ಇಂದು ದೇಶದ ಯಾವುದೇ ಕಾನೂನು ಕಾಲೇಜಿನಲ್ಲಿ ಕೌಟುಂಬಿಕ ಕಾನೂನಿನ ಪಾಠ ನಡೆಯುವಾಗ ಮಿತಾಕ್ಷರದ ಹೆಸರು ಬಂದೇ ಬರುತ್ತದೆ.

ಮಿತಾಕ್ಷರದ ಪ್ರಕಾರ ಹುಟ್ಟಿನಿಂದ ಬರುವ ಆ ಹಕ್ಕು ಗಂಡುಮಕ್ಕಳಿಗೆ ಮಾತ್ರ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ತಂದೆಯ ವೈಯಕ್ತಿಕ ಪಾಲಿನಲ್ಲಿ ಭಾಗ ಕೊಟ್ಟಿತೇ ಹೊರತು ಹುಟ್ಟಿನ ಹಕ್ಕನ್ನು ಕೊಡಲಿಲ್ಲ. ಕರ್ನಾಟಕ ತನ್ನದೇ ತಿದ್ದುಪಡಿಯನ್ನು 1994ರ ಜುಲೈ 30ರಿಂದ ಜಾರಿಗೆ ತಂದು, ಆ ದಿನಕ್ಕೆ ಮೊದಲು ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ನೀಡಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ, ಮದುವೆಯಾದವರು ಆಗದವರು ಎಂಬ ಭೇದವನ್ನೂ ತೆಗೆದುಹಾಕಿತು.

ಆಮೇಲೂ ಒಂದು ಪ್ರಶ್ನೆ ಉಳಿಯಿತು: 2005ಕ್ಕೆ ಮೊದಲೇ ತಂದೆ ತೀರಿಹೋಗಿದ್ದರೆ? ಉತ್ತರ ಕರ್ನಾಟಕದ ಒಂದು ಕುಟುಂಬದಲ್ಲಿ ತಂದೆ 2001ರಲ್ಲಿ ತೀರಿಕೊಂಡಿದ್ದರು. 2002ರಲ್ಲಿ ಹೂಡಿದ ಪಾಲಿನ ದಾವೆಯಲ್ಲಿ ಕೆಳಗಿನ ನ್ಯಾಯಾಲಯವೂ ಹೈಕೋರ್ಟೂ ಹೆಣ್ಣುಮಕ್ಕಳಿಗೆ ಪಾಲು ನಿರಾಕರಿಸಿದವು. 2018ರಲ್ಲಿ ಸುಪ್ರೀಂ ಕೋರ್ಟು ಅವರಿಗೆ ಪಾಲು ಕೊಡಿಸಿತು. ಬೇರೆ ಬೇರೆ ತೀರ್ಪುಗಳ ನಡುವೆ ಹೊಂದಾಣಿಕೆ ಇಲ್ಲದ್ದರಿಂದ 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ವಿಷಯವನ್ನು ಸ್ಪಷ್ಟಪಡಿಸಿತು: ಮಗಳ ಹಕ್ಕು ಹುಟ್ಟಿನಿಂದ ಬರುವಂಥದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ.

ಹುಟ್ಟಿನಿಂದ ಹಕ್ಕು ಎಂಬ ವಿಚಾರ ಮರತೂರಿನದು. ಅದನ್ನು ಮಗಳಿಗೂ ವಿಸ್ತರಿಸಿದ್ದು ನಮ್ಮ ಕಾಲ. ಕಾನೂನಿನ ಬೆಳವಣಿಗೆ ಹೀಗೆಯೇ ಇರುತ್ತದೆ.

ಒಂಬತ್ತು ಎಕರೆಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಕಾಗದ, ಪೆನ್ನು ತೆಗೆದುಕೊಳ್ಳಿ. ಒಂದು ಹಿಂದೂ ಕುಟುಂಬ. ತಂದೆಗೆ ಪಿತ್ರಾರ್ಜಿತವಾಗಿ ಬಂದ ಒಂಬತ್ತು ಎಕರೆ ಹೊಲ. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತಾಯಿ ಮೊದಲೇ ತೀರಿಕೊಂಡಿದ್ದಾಳೆ. ತಂದೆ ಮೃತ್ಯುಪತ್ರ ಬರೆಯದೆ 2012ರಲ್ಲಿ ತೀರಿಕೊಂಡರು. ಹೊಲ ಇನ್ನೂ ಪಾಲಾಗಿಲ್ಲ. ಮಗಳ ಪಾಲೆಷ್ಟು?

1956ರ ಹಳೆಯ ನಿಯಮ ತಿಳಿದವರು ಹೀಗೆ ಎಣಿಸುತ್ತಾರೆ. ತಂದೆ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ ಮೂರು ಎಕರೆ. ತಂದೆಯ ಮೂರು ಎಕರೆ ಮೂವರು ಮಕ್ಕಳಿಗೆ ಹಂಚಿದರೆ ತಲಾ ಒಂದು ಎಕರೆ. ಗಂಡುಮಕ್ಕಳಿಗೆ ನಾಲ್ಕು ನಾಲ್ಕು ಎಕರೆ, ಮಗಳಿಗೆ ಒಂದು ಎಕರೆ.

ಇಂದಿನ ಕಾನೂನು ತಿಳಿದವರು ಹೀಗೆ ಎಣಿಸುತ್ತಾರೆ. ತಂದೆ ಮತ್ತು ಮೂವರು ಮಕ್ಕಳು ಸೇರಿ ನಾಲ್ವರು ಸಮಾನ ಹಕ್ಕುದಾರರು. ತಲಾ ಎರಡೂಕಾಲು ಎಕರೆ. ತಂದೆಯ ಎರಡೂಕಾಲು ಎಕರೆಯನ್ನು ಮೂವರಿಗೆ ಹಂಚಿದರೆ ತಲಾ ಮುಕ್ಕಾಲು ಎಕರೆ. ಒಟ್ಟಿನಲ್ಲಿ ಮೂವರಿಗೂ ಮೂರು ಮೂರು ಎಕರೆ.

ಎರಡು ಲೆಕ್ಕಗಳ ನಡುವಿನ ಅಂತರ ಎರಡು ಎಕರೆ. ಸಲಹೆ ಕೊಟ್ಟವರು ಎಷ್ಟು ಓದಿದ್ದಾರೆ ಎಂಬುದರ ಮೇಲೆ ಆ ಹೆಣ್ಣುಮಗಳ ಎರಡು ಎಕರೆ ನಿಂತಿದೆ.

ಇಷ್ಟಕ್ಕೇ ಉತ್ತರ ಮುಗಿಯಿತೆಂದು ತಿಳಿಯಬೇಡಿ. ಕಾನೂನಿನ ಅಧ್ಯಾಪಕರು ಇಲ್ಲಿಂದಲೇ ಪ್ರಶ್ನೆ ಶುರುಮಾಡುತ್ತಾರೆ. ಹೊಲ ಪಿತ್ರಾರ್ಜಿತವೋ, ತಂದೆ ಸ್ವಂತ ದುಡಿಮೆಯಿಂದ ಕೊಂಡದ್ದೋ? ಸ್ವಯಾರ್ಜಿತವಾಗಿದ್ದು, ಎಲ್ಲವನ್ನೂ ಗಂಡುಮಕ್ಕಳ ಹೆಸರಿಗೆ ಮೃತ್ಯುಪತ್ರ ಬರೆದಿದ್ದರೆ ಮಗಳಿಗೆ ಏನೂ ಬರುವುದಿಲ್ಲ. ತಂದೆ ಬದುಕಿದ್ದಾಗಲೇ, 2003ರಲ್ಲಿ, ಅವರೂ ಗಂಡುಮಕ್ಕಳೂ ಪಾಲು ಮಾಡಿಕೊಂಡಿದ್ದರೆ? 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರವನ್ನಾಗಲೀ ಕೋರ್ಟಿನ ಡಿಕ್ರಿಯನ್ನಾಗಲೀ 2005ರ ತಿದ್ದುಪಡಿ ಮುಟ್ಟುವುದಿಲ್ಲ. ಆಗ ಆಕೆಗೆ ತಂದೆಯ ಮೂರು ಎಕರೆಯಲ್ಲಿ ಒಂದು ಎಕರೆ ಮಾತ್ರ. ಹಾಗಾದರೆ ಆಕೆ ಮದುವೆಯಾದದ್ದು ಯಾವಾಗ? 1994ರ ಜುಲೈ 30ಕ್ಕೆ ಆಕೆ ಅವಿವಾಹಿತೆಯಾಗಿದ್ದರೆ ಕರ್ನಾಟಕದ ಕಾಯ್ದೆ ಆಗಲೇ ಹಕ್ಕು ಕೊಟ್ಟಿತ್ತು. ಆಕೆಯನ್ನು ಬಿಟ್ಟು ಮಾಡಿದ 2003ರ ಪಾಲನ್ನು ಪ್ರಶ್ನಿಸುವ ದಾರಿ ತೆರೆಯಬಹುದು.

ಪಾಲು ಬಾಯಿಮಾತಿನಲ್ಲಿ ಆಗಿತ್ತು ಎಂದು ಅಣ್ಣತಮ್ಮಂದಿರು ಹೇಳಿದರೆ? ಹಳ್ಳಿಗಳಲ್ಲಿ ಇದು ತೀರ ಸಾಮಾನ್ಯ. ಬಾಯಿಮಾತಿನ ಪಾಲನ್ನು ಸುಲಭವಾಗಿ ಒಪ್ಪಲಾಗದು. ಸರಕಾರಿ ದಾಖಲೆಗಳ ಬೆಂಬಲವಿದ್ದ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಪರಿಗಣಿಸಬಹುದು ಎಂದು 2020ರ ತೀರ್ಪು ಹೇಳಿದೆ. ಕುಟುಂಬ ಮುಸ್ಲಿಂ ಅಥವಾ ಕ್ರೈಸ್ತ ಕುಟುಂಬವಾಗಿದ್ದರೆ ಅನ್ವಯವಾಗುವ ಕಾನೂನೇ ಬೇರೆ. ಹಾಗಾಗಿ "ಈ ಕುಟುಂಬಕ್ಕೆ ಯಾವ ಕಾನೂನು?" ಎಂಬುದೇ ಮೊದಲ ಪ್ರಶ್ನೆಯಾಗಬೇಕು.

ಇಲ್ಲಿ ಏನು ನಡೆಯಿತು ಎಂದು ಗಮನಿಸಿ. ಕಾಯ್ದೆಯ ಒಂದೇ ಕಲಮನ್ನು ಹಿಡಿದುಕೊಂಡು ನಾವು ಘಟನೆಯ ವಿವರಗಳನ್ನು ಬದಲಾಯಿಸುತ್ತ ಹೋದೆವು. ಪ್ರತಿ ಸಲವೂ ಉತ್ತರ ಬದಲಾಯಿತು. ಒಂದು ತಾರೀಖು, ಒಂದು ನೋಂದಣಿ, ಒಂದು ಮದುವೆಯ ದಿನ ಇವು ಎಕರೆಗಳನ್ನು ನಿರ್ಧರಿಸಿದವು. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸತೆನಿಸಬೇಕಾಗಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ಬದಲಿಸಿ ಫಲಿತಾಂಶ ಹೇಗೆ ಬದಲಾಗುತ್ತದೆ ಎಂದು ನೋಡುವ ಶಿಸ್ತೇ ಇಲ್ಲಿಯೂ ಇದೆ. ಸಂಗತಿಗಳನ್ನು ಬೇರ್ಪಡಿಸುವುದು, ಪ್ರಶ್ನೆಯನ್ನು ನಿಖರವಾಗಿ ಇಡುವುದು, ಅನ್ವಯವಾಗುವ ನಿಯಮ ಹುಡುಕುವುದು, ಎರಡನ್ನೂ ಜೋಡಿಸಿ ಕಾರಣಸಹಿತ ಉತ್ತರ ಕೊಡುವುದು: ಕಾನೂನು ಪದವಿ ಕಲಿಸುವುದು ಈ ನಾಲ್ಕು ಹೆಜ್ಜೆಗಳನ್ನು. ಕಲಮುಗಳ ಸಂಖ್ಯೆಯನ್ನು ಬಾಯಿಪಾಠ ಮಾಡುವುದು ಅದರ ಸಣ್ಣ ಭಾಗ ಮಾತ್ರ.

ಸೇರುವ ಎರಡು ದಾರಿಗಳು

ಕಾನೂನು ಪದವಿಗೆ ಎರಡು ದಾರಿಗಳಿವೆ. ಪಿ.ಯು.ಸಿ. ನಂತರ ನೇರವಾಗಿ ಸೇರುವ ಐದು ವರ್ಷದ ಬಿ.ಎ. ಎಲ್‌ಎಲ್‌.ಬಿ. ಅಥವಾ ಅಂಥ ಸಂಯುಕ್ತ ಪದವಿ ಒಂದು. ಯಾವುದಾದರೂ ಪದವಿ ಮುಗಿಸಿ ಸೇರುವ ಮೂರು ವರ್ಷದ ಎಲ್‌ಎಲ್‌.ಬಿ. ಇನ್ನೊಂದು. ಎರಡರಲ್ಲಿ ಯಾವುದನ್ನು ಮುಗಿಸಿದರೂ ವಕೀಲರಾಗುವ ಅರ್ಹತೆ ಒಂದೇ.

ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರಬಹುದು. 1993ರಿಂದ 1994ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಎನ್. ವೆಂಕಟಾಚಲಯ್ಯನವರು ಮೊದಲು ಓದಿದ್ದು ಬಿ.ಎಸ್‌ಸಿ. ಅರ್ಹತಾ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇಕಡ 45, ಹಿಂದುಳಿದ ವರ್ಗಗಳಿಗೆ ಶೇಕಡ 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಶೇಕಡ 40 ಅಂಕಗಳು ಕನಿಷ್ಠ ಎಂದು ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳು ಹೇಳುತ್ತವೆ.

ಯಾವುದನ್ನು ಆರಿಸಬೇಕು? ವಕೀಲಿಯೇ ಬೇಕೆಂದು ಮನಸ್ಸು ಗಟ್ಟಿಯಾಗಿದ್ದರೆ ಐದು ವರ್ಷದ ಪದವಿಯಿಂದ ಒಂದು ವರ್ಷ ಉಳಿಯುತ್ತದೆ. ಇನ್ನೂ ತೂಗಾಟವಿದ್ದರೆ, ಅಥವಾ ಊರಿನ ಕಾಲೇಜಿನಲ್ಲೇ ಕಡಿಮೆ ಖರ್ಚಿನಲ್ಲಿ ಬಿ.ಎ., ಬಿ.ಕಾಂ. ಮುಗಿಸುವುದು ಮನೆಗೆ ಅನುಕೂಲವಾಗಿದ್ದರೆ, ಮೂರು ವರ್ಷದ ದಾರಿ ಯಾವ ರೀತಿಯಲ್ಲೂ ಕಡಿಮೆಯದಲ್ಲ.

ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜು ಈ ಭಾಗದ ಹಳೆಯ ಕಾಲೇಜುಗಳಲ್ಲಿ ಒಂದು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ಶಿವರಾಜ ಪಾಟೀಲರು ಗುಲ್ಬರ್ಗದಲ್ಲೇ ಕಾನೂನು ಓದಿ, ಅಲ್ಲಿಯೇ ವಕೀಲಿ ಆರಂಭಿಸಿ, 2000ದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ವಾಡಿ, ಶಹಾಬಾದ, ಚಿತ್ತಾಪುರ, ಸೇಡಂ ಈ ನಾಲ್ಕೂ ರೈಲು ನಿಲ್ದಾಣವಿರುವ ಊರುಗಳು. ಚಿಂಚೋಳಿಯವರಿಗೆ ಬಸ್ಸೇ ಗತಿ. ಅವರು ಹಾಸ್ಟೆಲಿನ ವಿಚಾರ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾದ ಮೇಲೆ, ಅದಕ್ಕೆ ಸಂಯೋಜಿತವಾದ ಕಾಲೇಜುಗಳಲ್ಲಿ ಪಠ್ಯ ಮತ್ತು ಪರೀಕ್ಷೆಗಳು ಒಂದೇ ಆದವು. ಕಲಬುರಗಿಯಲ್ಲಿ ಓದಿದವರೂ ಬೆಂಗಳೂರಿನ ಸಂಯೋಜಿತ ಕಾಲೇಜಿನಲ್ಲಿ ಓದಿದವರೂ ಬರೆಯುವುದು ಅದೇ ಪ್ರಶ್ನೆಪತ್ರಿಕೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ ಹೆಸರನ್ನು ನೀವು ಕೇಳಿರಬಹುದು. ಎನ್.ಆರ್. ಮಾಧವ ಮೆನನ್ ಅವರು ಕಟ್ಟಿ ಬೆಳೆಸಿದ ಈ ಸಂಸ್ಥೆ ಐದು ವರ್ಷದ ಸಂಯುಕ್ತ ಪದವಿಗೆ ದೇಶಕ್ಕೇ ಮಾದರಿಯಾಯಿತು. ಅಲ್ಲಿಗೆ ಸೇರಲು "ಕ್ಲಾಟ್" ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, ಎರಡು ಗಂಟೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪರೀಕ್ಷೆ ಈವರೆಗೆ ಇಂಗ್ಲಿಷಿನಲ್ಲೇ ನಡೆದಿದೆ. ಪ್ರಶ್ನೆಗಳು ಉದ್ದನೆಯ ಭಾಗವನ್ನು ಓದಿ ಉತ್ತರಿಸುವಂಥವು. ಹಾಗಾಗಿ ಇದರ ಸಿದ್ಧತೆ ಎಂದರೆ ಮುಖ್ಯವಾಗಿ ಓದುವ ಅಭ್ಯಾಸ. ಪ್ರಥಮ ಪಿ.ಯು.ಸಿ.ಯಿಂದಲೇ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟ ಓದುವವರಿಗೆ ಇದು ಎಟುಕದ ಹಣ್ಣೇನಲ್ಲ.

ಎರಡು ಎಚ್ಚರಿಕೆಯ ಮಾತು. ಮೊದಲನೆಯದು, ಅಂಚೆ ಮೂಲಕ ಅಥವಾ ದೂರಶಿಕ್ಷಣದಲ್ಲಿ ಪಡೆದ ಎಲ್‌ಎಲ್‌.ಬಿ. ಪದವಿಯಿಂದ ವಕೀಲರಾಗಲು ಸಾಧ್ಯವಿಲ್ಲ. ಕಾಲೇಜಿಗೆ ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಆ ವರ್ಷಕ್ಕೆ ಇದೆಯೇ ಎಂದು ವಿಚಾರಿಸದೆ ಶುಲ್ಕ ಕಟ್ಟಬೇಡಿ. ಎರಡನೆಯದು, ಹಾಜರಾತಿ. ಪ್ರತಿ ವಿಷಯದಲ್ಲೂ ಶೇಕಡ 70ರಷ್ಟು ಹಾಜರಾತಿ ಬೇಕು. "ಹೆಸರು ಹಚ್ಚಿಸಿದರ ಸಾಕು, ಪರೀಕ್ಷೆಕ್ಕ ಹೋದರಾತು" ಎನ್ನುವವರ ಮಾತು ಕೇಳಿ ವರ್ಷ ಕಳೆದುಕೊಳ್ಳಬೇಡಿ.

ತರಗತಿಯ ಒಳಗೆ

ಮೂರು ವರ್ಷದ ಪದವಿಯಲ್ಲಿ ಆರು ಸೆಮಿಸ್ಟರ್, ಐದು ವರ್ಷದ್ದರಲ್ಲಿ ಹತ್ತು. ಸಂವಿಧಾನ, ಕರಾರು, ಅಪರಾಧ, ಆಸ್ತಿ ವರ್ಗಾವಣೆ, ಕುಟುಂಬ, ಕಾರ್ಮಿಕ, ಕಂಪನಿ, ತೆರಿಗೆ, ಪರಿಸರ ಇವೆಲ್ಲಕ್ಕೆ ಸಂಬಂಧಿಸಿದ ಕಾನೂನುಗಳು, ಜೊತೆಗೆ ಸಿವಿಲ್ ಮತ್ತು ಕ್ರಿಮಿನಲ್ ಪ್ರಕ್ರಿಯೆ ಹಾಗೂ ಸಾಕ್ಷ್ಯ ಕಡ್ಡಾಯ ವಿಷಯಗಳು. ಇವುಗಳ ಜೊತೆ ನಾಲ್ಕು ಪ್ರಾಯೋಗಿಕ ಪತ್ರಿಕೆಗಳಿವೆ: ದಾವೆ ಮತ್ತು ಪತ್ರಗಳನ್ನು ಬರೆಯುವುದು, ವೃತ್ತಿಧರ್ಮ, ರಾಜಿ ಮತ್ತು ಮಧ್ಯಸ್ಥಿಕೆಯ ಮಾರ್ಗಗಳು, ಅಣಕು ನ್ಯಾಯಾಲಯ. ಹಲವರು ಇವನ್ನು ಅಂಕದ ಪತ್ರಿಕೆಗಳೆಂದು ಹಗುರವಾಗಿ ನೋಡುತ್ತಾರೆ. ಆದರೆ ವಕೀಲಿಯ ಮೊದಲ ದಿನವೇ ನಿಮ್ಮ ಕೈಗೆ ಬರುವ ಕೆಲಸ ಇವೇ. ಮೂರು ವರ್ಷದವರು ಒಟ್ಟು 12 ವಾರ, ಐದು ವರ್ಷದವರು 20 ವಾರ ವಕೀಲರ ಕಚೇರಿ, ನ್ಯಾಯಾಲಯ, ಕಾನೂನು ಸೇವಾ ಪ್ರಾಧಿಕಾರದಂಥ ಕಡೆ ತರಬೇತಿಯನ್ನೂ ಪಡೆಯಬೇಕು.

ಪುಸ್ತಕ ಕೊಳ್ಳುವಾಗ ಮುದ್ರಣದ ವರ್ಷ ನೋಡಿಕೊಳ್ಳಿ. 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆ ಈ ಮೂರರ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾಗಿ, 29 ಹಳೆಯ ಕಾರ್ಮಿಕ ಕಾಯ್ದೆಗಳು ಅವುಗಳಲ್ಲಿ ಸೇರಿಹೋಗಿವೆ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ, ಶಹಾಬಾದಿನ ಕಲ್ಲುಗಣಿಗಳ ನಡುವೆ ಬೆಳೆದವರಿಗೆ ಈ ಎರಡನೆಯ ಬದಲಾವಣೆ ಮನೆಯ ಸುದ್ದಿಯೇ. ಹಳೆಯ ಪ್ರಕರಣಗಳು ಹಳೆಯ ಕಾಯ್ದೆಯಡಿ ಇನ್ನೂ ನಡೆಯುತ್ತಿರುತ್ತವೆ. ಆದ್ದರಿಂದ ನಿಮ್ಮ ತಲೆಮಾರು ಎರಡನ್ನೂ ಕಲಿಯಬೇಕಾಗಿದೆ. ಅಣ್ಣನೊಬ್ಬ ಬಿಟ್ಟುಹೋದ ಹಳೆಯ ಗೈಡು ನಂಬಿಕೊಂಡರೆ ಕಷ್ಟ.

ಕನ್ನಡ ಮಾಧ್ಯಮದವರ ಅಳುಕು

ಹಳ್ಳಿಯ ವಿದ್ಯಾರ್ಥಿಗಳನ್ನು ಕಾನೂನು ಓದಿನಿಂದ ದೂರ ಇಡುವ ದೊಡ್ಡ ಕಾರಣ ಇಂಗ್ಲಿಷಿನ ಭಯ. ಈ ಬಗ್ಗೆ ಸ್ಪಷ್ಟವಾಗಿ ತಿಳಿದುಕೊಳ್ಳಿ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಮೂರು ವರ್ಷದ ಎಲ್‌ಎಲ್‌.ಬಿ. ಪ್ರಶ್ನೆಪತ್ರಿಕೆಗಳು ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಅಚ್ಚಾಗಿ ಬರುತ್ತವೆ. ಕನ್ನಡದಲ್ಲಿ ಉತ್ತರ ಬರೆಯಬಹುದು; ಆದರೆ ಪೂರ್ತಿ ಒಂದೇ ಭಾಷೆಯಲ್ಲಿರಬೇಕು, ಬೆರಕೆ ಸಲ್ಲದು.

ತಾಲ್ಲೂಕು ಮತ್ತು ಜಿಲ್ಲಾ ನ್ಯಾಯಾಲಯಗಳಲ್ಲಿ ಕನ್ನಡ ವ್ಯವಹಾರದ ಭಾಷೆ. ಸಾಕ್ಷಿ ಹೇಳುವವರು ಮಾತಾಡುವುದು ನಮ್ಮ ಭಾಗದ ಕನ್ನಡ. "ನಾ ಅಲ್ಲೇ ಇದ್ದೆರೀ, ಖರೇ, ಆದರ ಕತ್ತಲಿತ್ತು" ಎಂಬ ಮಾತಿನಲ್ಲಿ ಆ "ಆದರ" ಎಷ್ಟು ತೂಕದ್ದು ಎಂದು ಹಿಡಿಯಲು ಆ ಮಾತನ್ನು ಕೇಳುತ್ತ ಬೆಳೆದವರೇ ಬೇಕು. ಇದು ನಿಮ್ಮ ಬಂಡವಾಳ.

ಕಾನೂನಿನ ಕನ್ನಡವಂತೂ ಹಲವು ಕಾಲಗಳ ಗುರುತು ಹೊತ್ತಿದೆ. ವಕೀಲ, ಅರ್ಜಿ, ದಾವೆ, ಫಿರ್ಯಾದಿ, ಜಾಮೀನು, ಹಕ್ಕು, ಕಾನೂನು ಈ ಮಾತುಗಳು ಅರಬ್ಬಿ, ಪಾರಸಿಗಳಿಂದ ಬಂದು ನಮ್ಮವೇ ಆಗಿವೆ. 1948ರವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಹಳೆಯ ಜಮೀನಿನ ಕಾಗದ ಬಿಚ್ಚಿದರೆ ಇಂದಿಗೂ ಉರ್ದು ಬರಹ ಸಿಗಬಹುದು. ಅದನ್ನು ಓದಬಲ್ಲವರಿಗೆ ವಕೀಲಿಯಲ್ಲಿ ಅದು ಹೆಚ್ಚಿನ ಆಸ್ತಿ.

ಹಾಗೆಂದು ಇಂಗ್ಲಿಷನ್ನು ಬಿಟ್ಟುಬಿಡಬಹುದೆಂದು ತಿಳಿಯಬೇಡಿ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷ್. ತೀರ್ಪುಗಳು, ಹೆಚ್ಚಿನ ಒಳ್ಳೆಯ ಪುಸ್ತಕಗಳು ಇಂಗ್ಲಿಷಿನಲ್ಲಿವೆ. ಮೊದಲ ವರ್ಷ ಕನ್ನಡದಲ್ಲಿ ಅರ್ಥ ಮಾಡಿಕೊಂಡು, ದಿನಕ್ಕೆ ಒಂದೆರಡು ಪುಟ ತೀರ್ಪನ್ನು ಇಂಗ್ಲಿಷಿನಲ್ಲಿ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯಿರಿ. ಪದವಿ ಮುಗಿಯುವ ಹೊತ್ತಿಗೆ ಎರಡೂ ಭಾಷೆ ಕೈಹಿಡಿಯುತ್ತವೆ.

ಪದವಿಯಾದ ಮೇಲೆ

ಪದವಿ ಕೈಗೆ ಬಂದೊಡನೆ ವಾದ ಮಾಡಲು ಬರುವುದಿಲ್ಲ. 1961ರ ವಕೀಲರ ಕಾಯ್ದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಸಾಮಾನ್ಯ ವರ್ಗದವರಿಂದ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಂದ 125 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟು ತೀರ್ಪು ನೀಡಿತು. ಬಡ ಕುಟುಂಬದವರಿಗೆ ಇದು ದೊಡ್ಡ ಸಮಾಧಾನ. ನಂತರ ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು.

ನ್ಯಾಯಾಧೀಶರಾಗುವ ಆಸೆ ಇರುವವರು ಇನ್ನೊಂದು ತೀರ್ಪನ್ನು ತಿಳಿದಿರಬೇಕು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಕನಿಷ್ಠ ಮೂರು ವರ್ಷ ವಕೀಲಿ ಮಾಡಿರಬೇಕು ಎಂದು ಸುಪ್ರೀಂ ಕೋರ್ಟು 2025ರ ಮೇ 20ರಂದು ಹೇಳಿತು. ಓದು ಮುಗಿಸಿದ ಮರುವರ್ಷವೇ ನ್ಯಾಯಪೀಠ ಎಂಬ ಲೆಕ್ಕಾಚಾರ ಹಾಕಿಕೊಂಡವರು ಅದನ್ನು ತಿದ್ದಿಕೊಳ್ಳಬೇಕು.

ಸಂಪಾದನೆಯ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಹಿರಿಯ ವಕೀಲರ ಕೈಕೆಳಗೆ ಕಳೆಯುವ ಮೊದಲ ಕೆಲವು ವರ್ಷ ಕೈಗೆ ಬರುವುದು ಬಹಳ ಕಡಿಮೆ. ಇಂಜಿನಿಯರಿಂಗ್ ಓದಿದ ಗೆಳೆಯ ಸಂಬಳ ತರುತ್ತಿರುವಾಗ ನೀವು ಬಸ್ಸಿನ ಖರ್ಚಿಗೆ ಮನೆಯನ್ನು ಕೇಳಬೇಕಾಗಬಹುದು. ಈ ಮಾತನ್ನು ಸೇರುವ ಮೊದಲೇ ತಂದೆತಾಯಿಗೆ ಹೇಳಿ, ಅವರ ಮನಸ್ಸು ಸಿದ್ಧಮಾಡಿ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ವಕೀಲಿ ತರಬೇತಿಯ ಅವಧಿಯಲ್ಲಿ ಮಾಸಿಕ ಭತ್ಯೆ ಕೊಡುವ ಸರಕಾರಿ ಯೋಜನೆಗಳಿವೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಸಂವಿಧಾನದ 371(ಜೆ) ವಿಧಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಪ್ರವೇಶಕ್ಕೂ ನೌಕರಿಗೂ ಬೇಕಾದೀತು.

ವಕೀಲಿಯೊಂದೇ ದಾರಿ ಎಂದೂ ಇಲ್ಲ. ಸರಕಾರಿ ಅಭಿಯೋಜಕರು, ಬ್ಯಾಂಕು ಮತ್ತು ಕಾರ್ಖಾನೆಗಳ ಕಾನೂನು ಅಧಿಕಾರಿಗಳು, ಅಧ್ಯಾಪಕರು ಹೀಗೆ ಬೇರೆ ಹುದ್ದೆಗಳೂ ಇವೆ. ಊರಿನಲ್ಲೇ ನಿಂತು ವಕೀಲಿ ಮಾಡುವವರಿಗೂ ಕಾಲ ಬದಲಾಗಿದೆ. ಹಿಂದೆ ಸೇಡಂನ ರೈತನ ಮೇಲ್ಮನವಿ ಹೈಕೋರ್ಟಿಗೆ ಹೋದರೆ ಆತ ಬೆಂಗಳೂರಿಗೆ ರಾತ್ರಿಯೆಲ್ಲ ಪ್ರಯಾಣ ಮಾಡಬೇಕಿತ್ತು. 2008ರಲ್ಲಿ ಕಲಬುರಗಿಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಆರಂಭವಾಗಿ, 2013ರಲ್ಲಿ ಕಾಯಂ ಪೀಠವಾಯಿತು. ತಾಲ್ಲೂಕು ಕೋರ್ಟಿನಿಂದ ಹೈಕೋರ್ಟಿನವರೆಗಿನ ವಕೀಲಿಯನ್ನು ಈಗ ಜಿಲ್ಲೆಯೊಳಗೇ ಮಾಡಬಹುದು.

ಈಗಿನಿಂದಲೇ ಮಾಡಬಹುದಾದದ್ದು

ಕಾಲೇಜಿಗೆ ಸೇರುವ ಮೊದಲೇ ಕಾನೂನು ಓದಲು ನಿಮ್ಮಲ್ಲಿ ಒಲವಿದೆಯೇ ಎಂದು ಪರೀಕ್ಷಿಸಿಕೊಳ್ಳಲು ಮೂರು ಕೆಲಸಗಳನ್ನು ಸೂಚಿಸುತ್ತೇನೆ.

ಒಂದು, ರಜೆಯ ಒಂದು ದಿನ ಸೇಡಂ, ಚಿತ್ತಾಪುರ ಅಥವಾ ಚಿಂಚೋಳಿಯ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಸದ್ದಿಲ್ಲದೆ ಕುಳಿತುಕೊಳ್ಳಿ. ಸಾಮಾನ್ಯವಾಗಿ ವಿಚಾರಣೆ ನಡೆಯುವುದು ತೆರೆದ ನ್ಯಾಯಾಲಯದಲ್ಲಿ, ಯಾರಾದರೂ ನೋಡಬಹುದು. ಸಿನಿಮಾದಂಥ ಭಾಷಣಗಳನ್ನು ನಿರೀಕ್ಷಿಸಬೇಡಿ. ಕಾಗದಗಳು, ತಾರೀಖುಗಳು, ಸಣ್ಣ ಸಣ್ಣ ಪ್ರಶ್ನೆಗಳು ಕಾಣುತ್ತವೆ. ಅವುಗಳಲ್ಲಿ ಕುತೂಹಲ ಹುಟ್ಟಿದರೆ ಈ ಓದು ನಿಮ್ಮದು.

ಎರಡು, ನಿಮ್ಮ ಮನೆಯ ಪಹಣಿ ತೆಗೆದು ಓದಿ. ಒಂಬತ್ತನೆಯ ಅಂಕಣದಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸಾಲ ಅಥವಾ ಋಣಭಾರ ಇದೆ ಎಂದು ನೋಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಹುಟ್ಟುವುದಿಲ್ಲ ಎಂಬುದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿರುವ ಮಾತು. ಹಾಗಾದರೆ ಒಡೆತನ ಯಾವುದರಿಂದ ಹುಟ್ಟುತ್ತದೆ? ಆ ಹೆಸರು ಅಲ್ಲಿಗೆ ಬಂದದ್ದು ಯಾವ ಕಾಗದದಿಂದ? ಮನೆಯ ಹಿರಿಯರನ್ನು ಕೇಳಿ, ಬರೆದಿಟ್ಟುಕೊಳ್ಳಿ.

ಮೂರು, ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ತಿಳಿದುಕೊಳ್ಳಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ನಿಗದಿತ ಆದಾಯಕ್ಕಿಂತ ಕಡಿಮೆ ಇರುವವರು ಉಚಿತ ಕಾನೂನು ನೆರವಿಗೆ ಅರ್ಹರು. ಈ ಒಂದು ವಿಷಯವನ್ನು ನಿಮ್ಮ ಓಣಿಯಲ್ಲಿ ನಾಲ್ಕು ಜನರಿಗೆ ತಿಳಿಸಿದರೂ ಉಪಕಾರವೇ. ಅದಕ್ಕೆ ಪದವಿಯೂ ಬೇಕಿಲ್ಲ, ಕರಿಕೋಟೂ ಬೇಕಿಲ್ಲ.

ಇಷ್ಟು ಮಾಡಿದ ಮೇಲೂ ಮನಸ್ಸು ಕಾನೂನಿನ ಕಡೆಗೇ ಎಳೆದರೆ ಧೈರ್ಯವಾಗಿ ಅರ್ಜಿ ಹಾಕಿ. ಒಂಬತ್ತು ಎಕರೆಯ ಲೆಕ್ಕವನ್ನು ಸರಿಯಾಗಿ ಮಾಡಿಕೊಡುವವರ ಅಗತ್ಯ ನಮ್ಮ ಹಳ್ಳಿಗಳಿಗೆ ಇನ್ನೂ ಬಹಳವಿದೆ.